ಸಮೂಹ ಚಿಕಿತ್ಸೆಯಲ್ಲಿ ಮಾತುಗಾರನೂ ಮೌನಿಯೂ

ಮಾನವನು ಸಂಘಜೀವಿ. ನಾಲ್ವರ ನಡುವೆ ಹುಟ್ಟಿದ ದುಃಖವನ್ನು ನಾಲ್ವರ ನಡುವೆಯೇ ಕರಗಿಸಲೆತ್ನಿಸುವ ಪದ್ಧತಿಗೆ ಮನಶ್ಶಾಸ್ತ್ರದಲ್ಲಿ ಸಮೂಹ ಚಿಕಿತ್ಸೆ ಎಂದು ಹೆಸರು. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯರು ಬಡ ಕ್ಷಯರೋಗಿಗಳನ್ನು ವಾರವಾರವೂ ಒಂದೆಡೆ ಸೇರಿಸಿ ತಿಳಿವಳಿಕೆ ನೀಡತೊಡಗಿದರು. ರೋಗಿಗಳು ಒಬ್ಬರಿಗೊಬ್ಬರು ಕೊಟ್ಟ ಧೈರ್ಯವೂ ಔಷಧದಂತೆ ನೆರವಾಯಿತು. ಈಗ ಮನೋವ್ಯಥೆಯುಳ್ಳ ಏಳೆಂಟು ಮಂದಿ ಚಿಕಿತ್ಸಕನೊಡನೆ ವೃತ್ತಾಕಾರವಾಗಿ ಕುಳಿತು ಮಾತನಾಡುವುದು ವಾಡಿಕೆ.

ಆದರೆ ಕೂಡಿದವರೆಲ್ಲರೂ ಒಂದೇ ಬಗೆಯವರಲ್ಲ. ಇರ್ವಿನ್ ಯಾಲಮ್ ಅವರು 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚಿಕಿತ್ಸಕನಿಗೆ ಸವಾಲಾಗುವ ಕೆಲವರನ್ನು ವಿವರಿಸಿದ್ದಾರೆ.

ಮೊದಲನೆಯವನು ಬಿಡುವಿಲ್ಲದೆ ಮಾತನಾಡುವವನು. ಮಾತಿನ ಪ್ರವಾಹದ ಹಿಂದೆ ಅವನು ತನ್ನನ್ನೇ ಮರೆಮಾಡಿಕೊಂಡಿರುತ್ತಾನೆ. ಅವನ ಬಾಯಿ ಮುಚ್ಚಿಸಿದರೆ ಅವನು ನೊಂದು ದೂರವಾಗಬಹುದು, ಉಳಿದವರೂ ಅಂಜುವರು. ಆದುದರಿಂದ ಚಿಕಿತ್ಸಕನು ಗುಂಪನ್ನೂ ಕೇಳಬೇಕು: “ಇವರೊಬ್ಬರೇ ಮಾತನಾಡಲು ನಾವೆಲ್ಲ ಏಕೆ ಬಿಟ್ಟೆವು?” ಅವನ ಮಾತಿನ ನೆರಳಿನಲ್ಲಿ ಉಳಿದವರು ತಮ್ಮ ನೋವನ್ನು ಹೇಳದೆ ತಪ್ಪಿಸಿಕೊಂಡಿರುವುದೂ ಉಂಟಲ್ಲವೆ?

ಎರಡನೆಯವನು ನೆರವು ಬೇಡುವನು. ಕೊಟ್ಟ ಸಲಹೆಗೆಲ್ಲ “ಅದು ನನ್ನಿಂದಾಗದು” ಎನ್ನುವನು. ಇಲ್ಲಿ ಸಲಹೆಯ ಮೇಲೆ ಸಲಹೆ ಹೇರಿ ಫಲವಿಲ್ಲ. ಅವನ ನಿರಾಶೆಯನ್ನು ತಾಳ್ಮೆಯಿಂದ ಕೇಳಿ, ಈ ವರ್ತನೆಯಿಂದ ಇತರರಿಗೆ ಏನನ್ನಿಸುತ್ತದೆಂಬುದನ್ನು ಅವನಿಗೆ ಕಾಣಿಸಿಕೊಡಬೇಕು.

ಮೂರನೆಯವನು ಮೌನಿ. ಅವನನ್ನು ಗದರಿಸಲೂ ಬಾರದು, ಮರೆಯಲೂ ಬಾರದು. “ಈ ಮಾತು ಕೇಳಿದಾಗ ತಮ್ಮ ಮುಖ ಬಾಡಿತು” ಎಂಬಂಥ ಮೃದುವಾದ ಒಂದು ಮಾತು ಅವನಿಗೆ ಬಾಗಿಲು ತೆರೆಯಬಲ್ಲುದು.

ತಾಳ್ಮೆಗೂ ಮೇರೆಯುಂಟು. ಒಬ್ಬನು ಮತ್ತೊಬ್ಬನನ್ನು ಹೀನಾಯವಾಗಿ ನಿಂದಿಸಿದರೆ ಅಥವಾ ಬೆದರಿಸಿದರೆ ಚಿಕಿತ್ಸಕನು ಒಡನೆಯೇ ತಡೆಯಬೇಕು. ಗುಂಪಿಗೆ ಸೇರಿಸುವ ಮುನ್ನ ಪ್ರತಿಯೊಬ್ಬರೊಡನೆ ಪ್ರತ್ಯೇಕವಾಗಿ ಮಾತನಾಡಿ ಕಟ್ಟುಪಾಡುಗಳನ್ನು ತಿಳಿಸುವುದೂ ಇದಕ್ಕಾಗಿಯೇ.

ಈ ಮೂವರಲ್ಲಿ ನನಗೆ ಹತ್ತಿರದವನು ಮೌನಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಪ್ಪಿದರೆ ನಕ್ಕಾರೆಂಬ ಭಯದಿಂದ ಎರಡು ವರ್ಷ ತರಗತಿಯ ಚರ್ಚೆಯಲ್ಲಿ ತುಟಿ ಬಿಚ್ಚಲಿಲ್ಲ. ಅದನ್ನು ಕೆಲವರು ಅಹಂಕಾರವೆಂದರು, ಕೆಲವರು ದಡ್ಡತನವೆಂದರು. ಒಂದು ದಿನ ಪಕ್ಕದ ಗೆಳೆಯನು “ನೀನೇನನ್ನುತ್ತೀಯ?” ಎಂದು ಕೇಳಿ, ನಾನು ತಡವರಿಸಿ ಮುಗಿಸುವವರೆಗೂ ಕಾದನು. ಅಂದಿನಿಂದ ಮಾತು ಬಂದಿತು.

ಅವನು ಚಿಕಿತ್ಸಕನಲ್ಲ, ನಮ್ಮ ತರಗತಿ ಚಿಕಿತ್ಸಾಲಯವೂ ಅಲ್ಲ. ಆದರೂ ‘ಕಷ್ಟದ ಮನುಷ್ಯ’ನೆಂದು ಒಬ್ಬನಿಗೆ ಹೆಸರಿಡುವ ಮೊದಲು, ಅವನ ಭಯವೇನು, ಅದರಲ್ಲಿ ನಮ್ಮ ಪಾಲೆಷ್ಟು ಎಂದು ಕೇಳಿಕೊಳ್ಳುವುದು ನಮ್ಮೆಲ್ಲರಿಂದಲೂ ಆಗುವ ಕೆಲಸ.