ಕವಲೂರಿಗೆ ಹೊರಡುವ ಮುನ್ನ



ನಿನ್ನ ಮೆಸೇಜು ನೋಡಿದೆ. ‘ಹೋಗಲೇಬೇಕಾ ಅತ್ತೆ? ನಕ್ಷತ್ರಗಳ ಪಟ್ಟಿ ಕಳಿಸಿದರೆ ಅಲ್ಲಿರುವವರೇ ರೋಹಿತ ತೆಗೆದುಕೊಡುತ್ತಾರಂತೆ’ ಎಂದು ಕೇಳಿದ್ದೀಯ. ರಾತ್ರಿಯೇ ಉತ್ತರ ಬರೆಯಲು ಕೂತವಳು, ಸಿಟ್ಟಿನಲ್ಲಿ ಬರೆಯುವುದು ಬೇಡವೆಂದು ಬೆಳಗಿನ ತನಕ ತಡೆದೆ. ಸಿಟ್ಟು ಪೂರ್ತಿ ಇಳಿದಿಲ್ಲ. ಇದೇ ಪ್ರಶ್ನೆ ನಿನ್ನ ವಾರಿಗೆಯ ಇನ್ನೂ ಹಲವರ ಬಾಯಲ್ಲಿ ಕೇಳಿದ್ದೇನೆ. ಅದಕ್ಕೇ ಪತ್ರವನ್ನು ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ನಿನ್ನ ಹೆಸರು ಎಲ್ಲೂ ಹಾಕಿಲ್ಲ, ಹೆದರಬೇಡ.

ನಿನ್ನ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಕೂತಲ್ಲೇ ವೀಕ್ಷಣೆ ಮಾಡುವುದನ್ನು ನಾನು ಹಳಿಯುವವಳಲ್ಲ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ಶುರುವಿನಿಂದಲೂ ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಕೊಂಡಿಯ ಮೂಲಕ ನಡೆಸುತ್ತಾರೆ. ಹಾನ್ಲೆಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಲೇಹ್‌ನಲ್ಲಿ ಕೆಲವು ದಿನ ಮೈ ಒಗ್ಗಿಸಿಕೊಳ್ಳದೆ ಮೇಲಕ್ಕೆ ಹೋದವರು ನಕ್ಷತ್ರ ನೋಡುವ ಮಾತು ಹಾಗಿರಲಿ, ನೆಟ್ಟಗೆ ನಿದ್ದೆ ಮಾಡುವುದೂ ಕಷ್ಟ. ಹೊಸಕೋಟೆಯಿಂದ ಬಂದ ಒಳ್ಳೆಯ ಕೆಲಸ ಎಷ್ಟೋ ಇದೆ. ಇನ್ನು ಗಾಯಾ ಉಪಗ್ರಹ ಸುಮಾರು 180 ಕೋಟಿ ನಕ್ಷತ್ರಗಳನ್ನು ಅಳೆದು, 2025ರ ಜನವರಿಯಲ್ಲಿ ವೀಕ್ಷಣೆ ಮುಗಿಸಿತು. ಆ ರಾಶಿಯನ್ನು ಯಾರು ಬೇಕಾದರೂ ಮನೆಯಲ್ಲಿ ಕೂತು ಇಳಿಸಿಕೊಳ್ಳಬಹುದು. ಅದರಲ್ಲೇ ಪಿಎಚ್.ಡಿ. ಮುಗಿಸಿದವರು ನನಗೆ ಗೊತ್ತು, ಅವರ ಮೇಲೆ ನನಗೆ ಗೌರವವೂ ಇದೆ.

ಆದರೆ ನಿನಗೆ ಸಿಕ್ಕಿರುವುದು ಹಾನ್ಲೆಯ ರಾತ್ರಿಗಳಲ್ಲ, ಕವಲೂರಿನ ವೀಕ್ಷಣಾಲಯದವು. ಜವಾದಿ ಬೆಟ್ಟದ ಮೇಲೆ ಬರೀ 725 ಮೀಟರ್ ಎತ್ತರ. ಬೆಂಗಳೂರಿನಲ್ಲಿ ತಿಂಡಿ ತಿಂದು ಹೊರಟರೆ ಕೃಷ್ಣಗಿರಿ, ವಾಣಿಯಂಬಾಡಿ, ಆಲಂಗಾಯಂ ದಾಟಿ ಮಧ್ಯಾಹ್ನದ ಊಟಕ್ಕೆ ಮೇಲಿರುತ್ತೀಯ. ಆ ದಾರಿಗೆ ಯಾವ ನೆಪವನ್ನೂ ನಾನು ಒಪ್ಪುವುದಿಲ್ಲ.

ನಾನು ಮೊದಲ ಸಲ ಹೋಗಿದ್ದು ಎಂಬತ್ತರ ದಶಕದ ನಡುವಿನಲ್ಲಿ. ತೀರ್ಥಹಳ್ಳಿ ಕಡೆಯ ಹುಡುಗಿ, ತಮಿಳುನಾಡಿನ ಕಾಡಿನಲ್ಲಿ ರಾತ್ರಿಯೆಲ್ಲ ಎದ್ದಿರುತ್ತಾಳಂತೆ ಎಂದರೆ ಅಪ್ಪನಿಗೆ ಹೇಗಾಗಿರಬೇಡ! ಒಂದು ವಾರ ಮಾತೇ ಆಡಲಿಲ್ಲ. ಕೊನೆಗೆ ಅಮ್ಮನೇ ‘ಹೋಗಿ ಬರಲಿ ಬಿಡಿ, ಈಗೇನು ಮಳೆಗಾಲವೇ’ ಎಂದಳು. ಅಮ್ಮ ನಾಲ್ಕನೇ ಕ್ಲಾಸಿನ ಆಚೆ ಓದಿದವಳಲ್ಲ. ಆದರೂ ವೀಕ್ಷಣೆಯ ತಯಾರಿಯ ಮೊದಲ ಪಾಠ ನನಗೆ ಅವಳಿಂದಲೇ ಆಯಿತು. ನಮ್ಮ ಕಡೆ ಮಳೆಗೆ ನಕ್ಷತ್ರದ ಹೆಸರಲ್ಲವೇ? ಮೃಗಶಿರ ಮಳೆ, ಆರಿದ್ರಾ ಮಳೆ, ಪುನರ್ವಸು ಮಳೆ. ಆರಿದ್ರಾ ಮಳೆ ಎಂದರೆ ಸೂರ್ಯ ಆರಿದ್ರಾ ನಕ್ಷತ್ರದಲ್ಲಿರುವ ಹೊತ್ತಿನ ಮಳೆ. ಸೂರ್ಯ ಅದರ ಪಕ್ಕದಲ್ಲಿದ್ದಾನೆ ಎಂದ ಮೇಲೆ ಜೂನ್ ಕೊನೆಯಲ್ಲಿ ಆ ನಕ್ಷತ್ರ ರಾತ್ರಿ ಕಾಣುವುದೇ ಇಲ್ಲ. ಅದು ನಡುರಾತ್ರಿ ನೆತ್ತಿಗೆ ಬರಬೇಕಾದರೆ ಡಿಸೆಂಬರ್ ಬರಬೇಕು. ಗದ್ದೆಗೆ ಇಳಿಯುವ ಹೆಂಗಸರಿಗೆಲ್ಲ ಗೊತ್ತಿದ್ದ ಈ ಲೆಕ್ಕವನ್ನು ನಾನು ಕಾಲೇಜಿನಲ್ಲಿ ‘ವಿಷುವದಂಶ’ ಎಂಬ ಹೆಸರಿನಲ್ಲಿ ಮತ್ತೆ ಕಲಿತೆ. ಯಾವ ತಿಂಗಳು ಯಾವ ನಕ್ಷತ್ರ ಎಷ್ಟು ಹೊತ್ತಿಗೆ ಮೇಲಿರುತ್ತದೆ ಎನ್ನುವುದನ್ನು ಈಗ ನಿನ್ನ ಫೋನೇ ಹೇಳುತ್ತದೆ. ಹೇಳಲಿ. ನಿನ್ನ ತಲೆಯಲ್ಲೂ ಇರಲಿ. ನಡುರಾತ್ರಿ ಮೋಡ ಬಂದು, ಪಟ್ಟಿಯನ್ನು ನಿಂತ ಕಾಲಲ್ಲೇ ಬದಲಾಯಿಸಬೇಕಾದಾಗ ಅದು ಕೆಲಸಕ್ಕೆ ಬರುತ್ತದೆ.

ನೀನೀಗ ಬಳಸಲಿರುವ 2.34 ಮೀಟರಿನ ದೂರದರ್ಶಕ ನಾನು ಹೋದಾಗ ಇನ್ನೂ ಜೋಡಣೆಯಾಗುತ್ತಿತ್ತು. ಅದರ ದೊಡ್ಡ ಕನ್ನಡಿಯನ್ನು ಉಜ್ಜಿ ಹೊಳಪು ಕೊಟ್ಟದ್ದು ಬೆಂಗಳೂರಿನಲ್ಲೇ. ಅದರ ಕನಸು ಕಂಡ ಖಗೋಳವಿಜ್ಞಾನಿ ವೇಣು ಬಾಪು 1968ರಲ್ಲಿ ಈ ಬೆಟ್ಟದ ಮೇಲೆ ಒಂದು 38 ಸೆಂಟಿಮೀಟರಿನ ಪುಟ್ಟ ದೂರದರ್ಶಕ ನಿಲ್ಲಿಸಿ ಕೆಲಸ ಶುರು ಮಾಡಿದವರು. 1972ರಲ್ಲಿ ಒಂದು ಮೀಟರಿನ ಜೈಸ್ ದೂರದರ್ಶಕ ಬಂತು. ದೊಡ್ಡದು ಮುಗಿಯುವುದನ್ನು ನೋಡಲು ಅವರೇ ಉಳಿಯಲಿಲ್ಲ, 1982ರ ಆಗಸ್ಟಿನಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡರು. 1986ರ ಜನವರಿಯಲ್ಲಿ ಅದಕ್ಕೆ ಅವರ ಹೆಸರನ್ನೇ ಇಟ್ಟರು. ನಿನಗೆ ಸಿಕ್ಕಿರುವ ರಾತ್ರಿಗಳ ಹಿಂದೆ ಇಷ್ಟು ಜನರ ದುಡಿಮೆ ಇದೆ.

ನನ್ನ ಪಾಲಿಗೆ ಬಂದದ್ದು 34 ಸೆಂಟಿಮೀಟರಿನದು. ಮೈಮೇಲೆ ಕಲೆಗಳಿರುವ ನಕ್ಷತ್ರಗಳ ಹೊಳಪನ್ನು ರಾತ್ರಿಯಿಂದ ರಾತ್ರಿಗೆ ಅಳೆಯುವ ಕೆಲಸ. ನಕ್ಷತ್ರ ತನ್ನ ಸುತ್ತ ತಿರುಗಿದ ಹಾಗೆ ಕಲೆ ನಮ್ಮೆದುರು ಬಂದು ಹೋಗುತ್ತದೆ, ಹೊಳಪು ಕೆಲವು ದಿನಗಳ ಲಯದಲ್ಲಿ ಇಳಿದು ಏರುತ್ತದೆ. ಐಪೀಸಿಗೆ ಕಣ್ಣಿಟ್ಟು ನಕ್ಷತ್ರವನ್ನು ಸಣ್ಣ ರಂಧ್ರದ ನಡುವೆ ತಂದು ನಿಲ್ಲಿಸಬೇಕು, ಕನ್ನಡಿ ಸರಿಸಿ ಬೆಳಕನ್ನು ಅದನ್ನು ಅಳೆಯುವ ಫೋಟೋಮಲ್ಟಿಪ್ಲೈಯರ್‌ಗೆ ಬಿಡಬೇಕು. ಮೊದಲು ಹೋಲಿಕೆಯ ನಕ್ಷತ್ರ, ಆಮೇಲೆ ನಮ್ಮದು, ಪಕ್ಕದ ಬರೀ ಆಕಾಶ, ಮತ್ತೆ ಹೋಲಿಕೆಯದು. ಬೆಳಗಿನ ತನಕ ಇದೇ ಸುತ್ತು. ಸುರುಳಿ ಕಾಗದದ ಮೇಲೆ ಪೆನ್ನು ಗೆರೆ ಎಳೆಯುತ್ತಾ ಹೋಗುತ್ತಿತ್ತು.

ಅಲ್ಲಿ ಒಬ್ಬರು ಹಿರಿಯ ಸಹಾಯಕರಿದ್ದರು. ಬೆಟ್ಟದ ಕೆಳಗಿನ ಹಳ್ಳಿಯವರು. ನನಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು. ಒಂದು ರಾತ್ರಿ ಆಕಾಶ ತೊಳೆದಿಟ್ಟ ಹಾಗಿತ್ತು, ಪೆನ್ನಿನ ಗೆರೆಯೂ ನೆಟ್ಟಗಿತ್ತು. ಅವರು ಹೊರಗೆ ಹೋಗಿ ಬಂದವರು ನನ್ನನ್ನು ಕೈಸನ್ನೆಯಲ್ಲೇ ಕರೆದು, ಪಶ್ಚಿಮಕ್ಕೆ ಇಳಿಯುತ್ತಿದ್ದ ಚಂದ್ರನ ಕಡೆ ಬೆರಳು ಮಾಡಿದರು. ಸುತ್ತ ಕಂಡೂ ಕಾಣದಂಥ ಒಂದು ಬಳೆ. ಅಂದರೆ ಮೇಲೆ ತೆಳು ಮೋಡವಿದೆ. ಕಣ್ಣಿಗೆ ಸಿಗದಷ್ಟು ತೆಳು, ಬೆಳಕಿನಲ್ಲಿ ನೂರಕ್ಕೆ ಮೂರೋ ನಾಲ್ಕೋ ಪಾಲು ನುಂಗುವಷ್ಟು ದಪ್ಪ. ನಾನು ಹುಡುಕುತ್ತಿದ್ದ ಏರಿಳಿತವೂ ಸುಮಾರು ಅಷ್ಟೇ! ಲಾಗ್ ಪುಸ್ತಕದಲ್ಲಿ ಹೊತ್ತು ಹಾಕಿ ‘ತೆಳು ಮೋಡ’ ಎಂದು ಬರೆದೆ. ತಿಂಗಳುಗಳ ಮೇಲೆ ಗ್ರಾಫ್ ಹಾಕಿದಾಗ ಆ ರಾತ್ರಿಯ ಒಂದು ಬಿಂದು ನಮ್ಮ ಊಹೆಗೆ ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಎಲ್ಲರಿಗೂ ಅದು ಬೇಕಾಗಿತ್ತು. ಪುಸ್ತಕ ತೆರೆದು ತೋರಿಸಿ ನಾನೇ ಅದನ್ನು ಹೊಡೆದುಹಾಕಿದೆ. ಆ ಬಿಂದುವಿನ ಮೇಲೆ ಅನುಮಾನ ಪಡಲು ನನಗೆ ಹಕ್ಕು ಬಂದದ್ದು ಆ ಬಳೆಯನ್ನು ಕಣ್ಣಾರೆ ಕಂಡಿದ್ದರಿಂದ. ಇದನ್ನು ನಿನಗೆ ಯಾವ ಸರ್ವರೂ ಕಳಿಸಿಕೊಡುವುದಿಲ್ಲ.

1987ರ ಫೆಬ್ರವರಿ ಕೊನೆಯ ಆ ದಿನಗಳನ್ನು ಹೇಗೆ ಹೇಳಲಿ? ದೊಡ್ಡ ಮೆಜೆಲ್ಲಾನಿಕ್ ಮೋಡದಲ್ಲಿ ಸೂಪರ್‌ನೋವಾ ಸಿಡಿದಿದೆ ಎಂಬ ಸುದ್ದಿ ಬಂತು. ಬರಿಗಣ್ಣಿಗೆ ಕಾಣುವಂಥದ್ದು 1604ರ ನಂತರ ಅದೇ ಮೊದಲು. ಆದರೆ ಅದು ಇದ್ದದ್ದು ಆಕಾಶದ ದಕ್ಷಿಣ ತುದಿಯ ಹತ್ತಿರ. ಕವಲೂರಿನಿಂದ ಎಷ್ಟು ಮೇಲೆ ಬಂದರೂ ದಿಗಂತದಿಂದ ಎಂಟು ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಹಿಂದೆ ಮರೆಯಾಗುವಷ್ಟು ಕೆಳಗೆ. ನೆತ್ತಿಯ ಮೇಲಿನ ನಕ್ಷತ್ರದ ಬೆಳಕು ದಾಟುವುದಕ್ಕಿಂತ ಆರೇಳು ಪಟ್ಟು ಗಾಳಿಯನ್ನು ಅದರ ಬೆಳಕು ದಾಟಿ ಬರಬೇಕು. ಪುಸ್ತಕ ಓದಿದವರು ಬಿಟ್ಟುಬಿಡಿ ಎನ್ನುತ್ತಿದ್ದರು. ಕವಲೂರಿನವರು ಬಿಡಲಿಲ್ಲ, ಅದರ ರೋಹಿತವನ್ನು ತೆಗೆದೇ ತೆಗೆದರು. ಡೋಮಿನ ಬಾಗಿಲು ಎಷ್ಟು ಕೆಳಗಿನ ತನಕ ತೆರೆಯುತ್ತದೆ, ದಕ್ಷಿಣಕ್ಕೆ ಮರ ಎಲ್ಲಿ ಅಡ್ಡ ಬರುತ್ತದೆ ಎನ್ನುವುದು ಆ ಜಾಗದಲ್ಲಿ ರಾತ್ರಿ ಕಳೆದವರಿಗಷ್ಟೇ ಗೊತ್ತಿರುವ ಸಂಗತಿ.

ಅದಕ್ಕೂ ಹತ್ತು ವರ್ಷ ಹಿಂದಿನದೊಂದನ್ನು ಹಿರಿಯರು ಹೇಳುತ್ತಿದ್ದರು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಎದುರು ಹಾದುಹೋಗುವುದಿತ್ತು. ಜೆ.ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಕವಲೂರಿನ ಒಂದು ಮೀಟರಿನ ದೂರದರ್ಶಕದ ಬಳಿ ಕಾದಿದ್ದರು. ಗ್ರಹ ಇನ್ನೂ ದೂರವಿರುವಾಗಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಸಿದು ಮತ್ತೆ ಎದ್ದಿತು. ಅದೇ ರಾತ್ರಿ ವಿಮಾನದಲ್ಲಿ ದೂರದರ್ಶಕ ಹೊತ್ತು ಹಾರುತ್ತಿದ್ದ ಅಮೆರಿಕದ ತಂಡಕ್ಕೂ ಅಂಥವೇ ಕುಸಿತಗಳು ಕಂಡವು. ಯುರೇನಸ್ಸಿಗೆ ಉಂಗುರಗಳಿವೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ. ಎರಡು ಕಡೆಯವರೂ ಗ್ರಹ ಬರಲಿ, ಆಮೇಲೆ ಸ್ವಿಚ್ ಹಾಕೋಣ ಎಂದು ಕೂತವರಲ್ಲ.

ಈಗ ಬೈಯುವುದನ್ನು ಬೈದುಬಿಡುತ್ತೇನೆ. ನೀನು ಅರ್ಜಿ ಹಾಕಿ ರಾತ್ರಿ ಪಡೆದಾಗ ಬೇರೆ ಯಾರದ್ದೋ ಅರ್ಜಿ ಬಿದ್ದುಹೋಗಿದೆ. ಅವಳು ನಿನ್ನಷ್ಟೇ ಕಷ್ಟಪಟ್ಟು ಬರೆದಿದ್ದಿರಬೇಕು. ರಾತ್ರಿಯನ್ನು ಕೇಳಿ ತೆಗೆದುಕೊಂಡು, ಆಮೇಲೆ ‘ಆ ವಾರ ಬೇರೆ ಕೆಲಸವಿದೆ’ ಎನ್ನುವುದು ಯಾವ ಸೀಮೆಯ ನ್ಯಾಯ? ನಿನಗೆ ಯಾರೋ ತೆಗೆದುಕೊಟ್ಟ ಸಂಖ್ಯೆಗಳು ಬೇಕು, ಪೇಪರಿನ ಮೇಲೆ ಹೆಸರು ನಿನ್ನದು ಬೇಕು, ನಿದ್ದೆ ಮಾತ್ರ ಅಲ್ಲಿಯವರು ಕೆಡಬೇಕು. ನಾಳೆ ಯಾರಾದರೂ ‘ರೋಹಿತದ ಈ ಗೆರೆ ನಿಜವೇ?’ ಎಂದು ಎದ್ದುನಿಂತು ಕೇಳಿದರೆ ಏನು ಹೇಳುತ್ತೀ?

ಸಾಕು. ನಿನಗೆ ದಣಿವಾಗಿದೆ ಎಂದು ನನಗೆ ಗೊತ್ತು. ನಿಮ್ಮ ಕಾಲದ ಒತ್ತಡ ನಮಗಿರಲಿಲ್ಲ, ವರ್ಷಕ್ಕೆ ಇಷ್ಟು ಪೇಪರು ಎಂದು ಯಾರೂ ನಮ್ಮ ಕತ್ತಿನ ಮೇಲೆ ಕೂರುತ್ತಿರಲಿಲ್ಲ. ಇಬ್ಬನಿಗೆ ಮೂರು ರಾತ್ರಿಯೂ ಡೋಮ್ ಮುಚ್ಚಿಯೇ ಇದ್ದರೆ ಎಂಬ ನಿನ್ನ ಭಯವೂ ಸುಳ್ಳಲ್ಲ. ಹಾಗೆ ಬರಿಗೈಯಲ್ಲಿ ಇಳಿದುಬಂದವರು ಬೇಕಾದಷ್ಟು ಜನ. ನಿನಗೆ ಸಿಕ್ಕಿರುವ ಮಾರ್ಚ್ ಕೊನೆಯ ವಾರ ಅಲ್ಲಿ ಸಾಮಾನ್ಯವಾಗಿ ಒಳ್ಳೆಯದು, ಅಷ್ಟು ಧೈರ್ಯ ಹೇಳಬಲ್ಲೆ.

ಹೋಗುವುದೇ ಆದರೆ (ಹೋಗುತ್ತೀ ಎಂದುಕೊಂಡೇ ಬರೆಯುತ್ತಿದ್ದೇನೆ) ಹೊರಡುವ ಎರಡು ದಿನ ಮೊದಲೇ ಮಲಗುವ ಹೊತ್ತನ್ನು ತಡವಾಗಿಸು. ಬೆಳಗಿನ ಜಾವ ಮೂರು ಗಂಟೆಗೆ ತಲೆ ಮಂಜಾಗುವುದು ಎಲ್ಲರಿಗೂ ಆಗುವಂಥದ್ದು. ಆ ಹೊತ್ತಿಗೆ ಯೋಚನೆ ಬೇಡದ ಕೆಲಸ ಬರುವ ಹಾಗೆ ಪಟ್ಟಿ ಮಾಡಿಟ್ಟುಕೋ. ಪ್ರತಿ ನಕ್ಷತ್ರದ ನಕ್ಷೆಯನ್ನೂ ಕಾಗದದ ಮೇಲೆ ಮುದ್ರಿಸಿ ಒಯ್ಯಿ. ಪರದೆಯ ಮೇಲೆ ಚಿತ್ರ ಎಡಬಲ ತಿರುಗಿಯೂ ಬರಬಹುದು, ಮೊದಲ ಸಂಜೆ ಒಂದು ಪರಿಚಿತ ನಕ್ಷತ್ರಗುಂಪಿಗೆ ದೂರದರ್ಶಕ ತಿರುಗಿಸಿ ಯಾವ ಕಡೆ ಉತ್ತರ, ಯಾವ ಕಡೆ ಪೂರ್ವ ಎಂದು ಬರೆದಿಟ್ಟುಕೋ. ಮಸುಕಾದವುಗಳ ಜೊತೆಗೆ ಮೋಡದ ನಡುವೆಯೂ ಹಿಡಿಯಬಹುದಾದ ಪ್ರಕಾಶಮಾನ ನಕ್ಷತ್ರಗಳ ಇನ್ನೊಂದು ಪಟ್ಟಿ ಇರಲಿ.

ನೀನು ನೋಡುವುದು ಹೈಡ್ರೋಜನ್ನಿನ ಆಲ್ಫಾ ಗೆರೆ, 656.3 ನ್ಯಾನೋಮೀಟರಿನಲ್ಲಿ. ಅದರ ಸುತ್ತಮುತ್ತಲೇ ನಮ್ಮ ಗಾಳಿಯ ನೀರಾವಿ ಎಳೆಯುವ ಸಣ್ಣ ಸಣ್ಣ ಗೆರೆಗಳಿವೆ. ಕವಲೂರಿನ ತೇವದಲ್ಲಿ ಅವು ಎದ್ದು ಕಾಣುತ್ತವೆ, ಗಂಟೆಯಿಂದ ಗಂಟೆಗೆ ಬದಲಾಗುತ್ತವೆ. ಅದಕ್ಕೇ ಒಂದು ಬಿಸಿಯಾದ, ಜೋರಾಗಿ ಸುತ್ತುವ ನಕ್ಷತ್ರವನ್ನು ನಡುನಡುವೆ ತೆಗೆಯಬೇಕು. ಅದಕ್ಕೆ ತನ್ನದೇ ಚೂಪಾದ ಗೆರೆಗಳಿರುವುದಿಲ್ಲ, ಹಾಗಾಗಿ ಅದರಲ್ಲಿ ಕಾಣುವ ಚೂಪು ಗೆರೆಗಳೆಲ್ಲ ನೀರಾವಿಯವು. ಆಮೇಲೆ ಅದರಿಂದ ನಿನ್ನ ರೋಹಿತವನ್ನು ಭಾಗಿಸಿ ತೊಳೆದುಕೊಳ್ಳಬಹುದು. ದೂರದಿಂದ ಪಟ್ಟಿ ಕಳಿಸುವವರು ಇದನ್ನು ಒಂದೇ ಸಲ ಸಾಕು ಎಂದು ಬರೆದುಬಿಡುತ್ತಾರೆ. ತೇವದ ಮೀಟರು ನೋಡುತ್ತಾ ಕೂತವಳು ಇನ್ನೊಮ್ಮೆ ತೆಗೆಯುತ್ತಾಳೆ. ತರಂಗಾಂತರದ ಅಳತೆಗೆ ಬೇಕಾದ ಥೋರಿಯಂ-ಆರ್ಗಾನ್ ದೀಪದ ಎಕ್ಸ್‌ಪೋಷರನ್ನು ಪ್ರತಿ ನಕ್ಷತ್ರಕ್ಕೂ ತೆಗೆ, ಸಮಯ ಉಳಿಸಲು ಹೋಗಬೇಡ. ಮೊದಲ ರೋಹಿತ ಬಂದ ಕೂಡಲೇ ತೆರೆದು ನೋಡು, ಬೆಂಗಳೂರಿಗೆ ಬಂದು ನೋಡುತ್ತೇನೆ ಎನ್ನಬೇಡ.

ತೇವ ಏರಿ ಸಹಾಯಕರು ಡೋಮ್ ಮುಚ್ಚಬೇಕು ಎಂದರೆ ಎದುರಾಡಬೇಡ. ನಿನ್ನ ಎಕ್ಸ್‌ಪೋಷರ್ ಅರ್ಧಕ್ಕೆ ನಿಂತರೂ ಸರಿಯೇ. ಕನ್ನಡಿಯ ಮೇಲಿನ ಅಲ್ಯೂಮಿನಿಯಂ ಲೇಪ ನಿನ್ನ ನಂತರದವರಿಗೂ ಬೇಕು. ಅವರ ಜೊತೆ ಕೂತು ಊಟ ಮಾಡು, ನಾಲ್ಕು ತಮಿಳು ಮಾತು ಕಲಿ. ಆ ಬೆಟ್ಟದ ಆಕಾಶ ನಿನಗಿಂತ, ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ನೀನು ಕಳಿಸಿದ ಪಟ್ಟಿಯನ್ನು ನೋಡಿದೆ. ಚೆನ್ನಾಗಿದೆ, ಆದರೆ ನಾಲ್ಕನೆಯದನ್ನು ಕೊನೆಗೆ ಇಟ್ಟಿದ್ದೀಯ. ಅದು ಆರಿದ್ರಾದ ಪಕ್ಕದ್ದು. ಮಾರ್ಚ್ ಕೊನೆಯಲ್ಲಿ ಕತ್ತಲಾಗುವಾಗಲೇ ಪಶ್ಚಿಮಕ್ಕೆ ವಾಲಿರುತ್ತದೆ, ರಾತ್ರಿ ಹತ್ತು ದಾಟಿದರೆ ಮೂವತ್ತು ಡಿಗ್ರಿಗಿಂತ ಕೆಳಗೆ. ಅದನ್ನೇ ಮೊದಲು ತೆಗೆದುಕೋ, ಎರಡನೆಯದನ್ನು ನಡುರಾತ್ರಿಗೆ ತಳ್ಳು. ತಿದ್ದಿದ ಪಟ್ಟಿಯನ್ನು ಶುಕ್ರವಾರದೊಳಗೆ ನನಗೆ ಕಳಿಸು, ಜೀಪು ಎಷ್ಟು ಗಂಟೆಗೆ ಹೊರಡುತ್ತದೆ ಎನ್ನುವುದನ್ನೂ ತಿಳಿಸು.

ನಿನ್ನ ಅತ್ತೆ