ಸವಳು ನೀರಿಗೆ ಯಾವ ಕಾಯಿಲ್, ಎಷ್ಟು ಡಿಗ್ರಿ?

ಬನದ ಹುಣ್ಣಿಮೆಯಿಂದ ಭಾರತ ಹುಣ್ಣಿಮೆವರೆಗೆ ಯಲ್ಲಮ್ಮನಗುಡ್ಡಕ್ಕೆ ಬರುವ ಮಂದಿಗೆ ಲೆಕ್ಕವಿಲ್ಲ. ಚಳಿಯ ದಿನಗಳು ಬೇರೆ. ಸವದತ್ತಿಯ ಲಾಡ್ಜಿನವರಿಗೂ, ಜಾತ್ರೆಗೆಂದು ಒಂದೆರಡು ಕೋಣೆ ಬಾಡಿಗೆ ಕೊಡುವ ಮನೆಯವರಿಗೂ ನಸುಕಿನಲ್ಲೇ ಬಿಸಿನೀರಿನ ತಗಾದೆ ಶುರು. ಒಲೆ, ಹಂಡೆ ಇಲ್ಲದ ಬಚ್ಚಲಲ್ಲಿ ಕಾಯಿಲೇ ಗತಿ. ಅಂಗಡಿಗೆ ಹೋದವರು ಕೇಳುವುದು ಎರಡೇ ಮಾತು: ‘ಎಷ್ಟು ವ್ಯಾಟ್, ಎಷ್ಟು ರೇಟ್?’ ನಮ್ಮ ನೀರಿಗೆ ಇದು ತಾಳುತ್ತದೆಯೇ ಎಂದು ಕೇಳುವವರು ಕಡಿಮೆ. ಕಾಯಿಲ್ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಕಂಪನಿಯ ಹೆಸರಿಗಿಂತ ನಿಮ್ಮ ಮನೆಯ ನೀರೇ ಹೆಚ್ಚಾಗಿ ತೀರ್ಮಾನಿಸುತ್ತದೆ.

ಮೊದಲು ನೀರು ನೋಡಿ

ಮಲಪ್ರಭೆಯ ನೀರು ನಲ್ಲಿಗೆ ಬರುವ ಮನೆಗೂ ಕೊಳವೆಬಾವಿಯನ್ನೇ ನಂಬಿದ ಮನೆಗೂ ಒಂದೇ ಕಾಯಿಲ್ ಹೊಂದಬೇಕೆಂದಿಲ್ಲ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪಾರದರ್ಶಕ ಬಾಟಲಿಯಲ್ಲಿ ಅರ್ಧದಷ್ಟು ನೀರು ತುಂಬಿ, ಸ್ನಾನದ ಸಾಬೂನಿನ ನಾಲ್ಕು ಚೂರು ಕೆರೆದು ಹಾಕಿ, ಜೋರಾಗಿ ಕುಲುಕಿ. ಬಟ್ಟೆ ಒಗೆಯುವ ಪುಡಿ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ದಟ್ಟ ನೊರೆ ಬಂದು ಕೆಳಗಿನ ನೀರು ತಿಳಿಯಾಗಿದ್ದರೆ ನೀರು ಮೆದು. ನೊರೆ ಏಳದೆ, ಒಡೆದ ಹಾಲಿನ ಹಾಗೆ ಬಿಳಿ ಚೂರು ತೇಲಿದರೆ ಗಡಸು. ಲಾಡ್ಜ್ ನಡೆಸುವವರಾದರೆ ಪ್ರಯೋಗಾಲಯಕ್ಕೆ ಕೊಟ್ಟು ಅಂಕಿ ತರಿಸಿಕೊಳ್ಳುವುದೇ ಮೇಲು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. 300 ದಾಟಿದ ನೀರಿಗೆ ಅಗ್ಗದ ಕಾಯಿಲ್ ಕೊಳ್ಳಬೇಡಿ ಎಂಬುದು ನನ್ನ ಸಲಹೆ.

ಕಾಯಿಲ್‌ನ ಹೊಟ್ಟೆಯೊಳಗೆ

ಹೊರಗೆ ಕಾಣುವ ಹೊಳೆಯುವ ಕೊಳವೆ ಕಾಯುವ ತಂತಿಯಲ್ಲ, ಅದರ ಕವಚ ಅಷ್ಟೇ. ತಂತಿ ಒಳಗಿದೆ. ಸಾಮಾನ್ಯವಾಗಿ ಅದು ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ನಿಕ್ರೋಮ್. ತಂತಿಗೂ ಕವಚಕ್ಕೂ ನಡುವೆ ಮೆಗ್ನೀಸಿಯಂ ಆಕ್ಸೈಡ್‌ನ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಈ ಪುಡಿ ಕಾವನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ.

ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದಂಶ ಕವಚದ ಮೇಲೆ ಕಲ್ಲಾಗಿ ಕೂರುತ್ತದೆ. ಕಾವು ಹೊರಗೆ ಹೋಗಲು ದಾರಿಯಿಲ್ಲದೆ ಒಳಗಿನ ತಂತಿ ಮತ್ತಷ್ಟು ಕಾಯುತ್ತದೆ. ಕೊನೆಗೆ ತಂತಿ ಸುಡುತ್ತದೆ, ಇಲ್ಲವೇ ಕವಚ ಸೀಳುತ್ತದೆ. ಸೀಳಿದರೆ ಅಪಾಯ ಹೆಚ್ಚು. ನೀರು ಒಳಗಿನ ಪುಡಿಗೆ ಇಳಿಯುತ್ತದೆ, ಕರೆಂಟು ಬಕೆಟ್ ನೀರಿಗೆ ಬರುತ್ತದೆ.

ಈಗ ಕವಚದ ಲೋಹಕ್ಕೆ ಬರೋಣ. ತಾಮ್ರಕ್ಕೆ ನಿಕಲ್ ಲೇಪನ ಕೊಟ್ಟದ್ದು ಅಗ್ಗ, ಕಾವನ್ನೂ ಚೆನ್ನಾಗಿ ಬಿಡುತ್ತದೆ. ನದಿ ನೀರಿನ ಮನೆಗೆ ಸಾಕು. ಲೇಪನ ಸವೆದು ಕೆಂಪು ಕಂಡರೆ ಅದರ ಕಾಲ ಮುಗಿಯಿತೆಂದೇ ತಿಳಿಯಿರಿ. ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿ, ಆದರೆ ಉಪ್ಪಿನಂಶ ಜಾಸ್ತಿಯಿರುವ ಸವಳು ನೀರಿನಲ್ಲಿ ಅದರ ಮೇಲೂ ಸೂಜಿಮೊನೆಯಷ್ಟು ತೂತು ಬೀಳುತ್ತವೆ. ಸವಳಿಗೆ ತಕ್ಕದ್ದು ಇನ್‌ಕೊಲಾಯ್: ನಿಕಲ್, ಕಬ್ಬಿಣ, ಕ್ರೋಮಿಯಂ ಸೇರಿದ ಮಿಶ್ರಲೋಹ. ಬೆಲೆ ಹೆಚ್ಚು. ವರ್ಷಕ್ಕೊಂದು ಕಾಯಿಲ್ ಬದಲಿಸುತ್ತಿರುವವರು ಒಮ್ಮೆ ಲೆಕ್ಕ ಹಾಕಿ ನೋಡಲಿ. ಗೀಸರ್ ಕೊಳ್ಳುವವರೂ ಒಳಗಿನ ಎಲಿಮೆಂಟ್ ಯಾವುದರದ್ದೆಂದು ಕೇಳಬೇಕು. ಟ್ಯಾಂಕನ್ನು ತುಕ್ಕಿನಿಂದ ಕಾಯುವ ಮೆಗ್ನೀಸಿಯಂ ಆನೋಡ್ ಕಡ್ಡಿಯನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಬೇಕು.

ಯಾವುದೇ ಆದರೂ ಐಎಸ್‌ಐ ಗುರುತು ಬೇಕೇ ಬೇಕು. ಅದರ ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಸಂಖ್ಯೆಯಿರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಗುರುತು ಅಸಲಿಯೋ ನಕಲಿಯೋ ಅಂಗಡಿಯಲ್ಲಿ ನಿಂತಲ್ಲೇ ಗೊತ್ತಾಗುತ್ತದೆ. ಸಂತೆಯಲ್ಲಿ ರಾಶಿ ಹಾಕಿ ಮಾರುವ ಹೆಸರಿಲ್ಲದ ಕಾಯಿಲ್ ಮುಟ್ಟಲೇಬೇಡಿ.

ಎಷ್ಟು ಡಿಗ್ರಿ?

ಗೀಸರ್‌ನ ಥರ್ಮೋಸ್ಟಾಟನ್ನು ಕೊನೆಯವರೆಗೆ ತಿರುಗಿಸಿ ಬಿಡುವುದು ರೂಢಿ. ಬೇಗ ಕಾಯುತ್ತದೆ ಎಂಬ ನಂಬಿಕೆ. ಕಾಯುವ ವೇಗಕ್ಕೂ ಆ ಗುಂಡಿಗೂ ಸಂಬಂಧವೇ ಇಲ್ಲ. ಎಲ್ಲಿ ನಿಲ್ಲಬೇಕು ಎಂಬುದಷ್ಟನ್ನೇ ಅದು ಹೇಳುತ್ತದೆ. ಸ್ನಾನಕ್ಕೆ ಬೇಕಿರುವುದು 40 ಡಿಗ್ರಿ ಚಿಲ್ಲರೆ. 60 ಡಿಗ್ರಿ ನೀರು ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಸುಣ್ಣ ಕೂರುವುದೂ ಕಾವು ಏರಿದಷ್ಟೂ ಜೋರು. ದಿನವೂ ನೀರು ಖಾಲಿಯಾಗುವ ಮನೆಯಲ್ಲಿ 50ಕ್ಕೆ ಇಟ್ಟರೆ ಸಾಕು. ಜಾತ್ರೆ ಮುಗಿದ ಮೇಲೆ ವಾರಗಟ್ಟಲೆ ನೀರು ನಿಂತೇ ಇರುವ ಲಾಡ್ಜ್ ಗೀಸರ್ ಮಾತು ಬೇರೆ. ಉಗುರುಬೆಚ್ಚಗಿನ ನಿಂತ ನೀರಿನಲ್ಲಿ ರೋಗಾಣು ಬೆಳೆಯುತ್ತವೆ. ಅದನ್ನು ಖಾಲಿ ಮಾಡಿ, ಹೊಸ ನೀರನ್ನು 60ಕ್ಕೆ ಕಾಯಿಸಿ ನಂತರವೇ ಬಳಕೆಗೆ ಕೊಡಿ. ತಣ್ಣೀರು ಬೆರೆಸಿಕೊಳ್ಳಲು ಹೇಳಿ.

ಬಕೆಟ್ ಕಾಯಿಲ್‌ಗಳಲ್ಲಿ ಹೆಚ್ಚಿನವಕ್ಕೆ ಥರ್ಮೋಸ್ಟಾಟ್ ಇರುವುದಿಲ್ಲ. ಅಲ್ಲಿ ಗಡಿಯಾರವೇ ಥರ್ಮೋಸ್ಟಾಟ್. 20 ಲೀಟರ್ ನೀರನ್ನು 22ರಿಂದ 45 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಬೇಕು. 1500 ವ್ಯಾಟ್ ಕಾಯಿಲ್‌ಗೆ ಸುಮಾರು 21 ನಿಮಿಷ. ಆದರೆ ಇದು 230 ವೋಲ್ಟ್ ಇದ್ದಾಗಿನ ಮಾತು. ಹಳ್ಳಿಯ ಲೈನಿನಲ್ಲಿ 180ಕ್ಕೆ ಇಳಿದರೆ ಅದೇ ಕಾಯಿಲ್ 920 ವ್ಯಾಟ್‌ನಷ್ಟೇ ದುಡಿಯುತ್ತದೆ, ಹೊತ್ತು 35 ನಿಮಿಷಕ್ಕೆ ಬೆಳೆಯುತ್ತದೆ. ಕಾಯಿಲ್ ಕೆಟ್ಟಿದೆ ಎಂದು ಬದಲಿಸುವ ಮುನ್ನ ವೋಲ್ಟೇಜ್ ನೋಡಿ. ದಿನಕ್ಕೆ ಐದು ಬಕೆಟ್ ಕಾಯಿಸುವ ಮನೆಗೆ ತಿಂಗಳಿಗೆ 80 ಯೂನಿಟ್ ಬಚ್ಚಲಲ್ಲೇ ಹೋಗುತ್ತದೆ. ಗೃಹಜ್ಯೋತಿಯ ಉಚಿತ ವಿದ್ಯುತ್ ಪಡೆಯುವವರಿಗೆ ಇದು ಸಣ್ಣ ಸಂಗತಿಯಲ್ಲ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ.

ಪ್ಲಗ್ ಹಾಕುವ ಮುನ್ನ

1500 ವ್ಯಾಟ್ ಎಂದರೆ ಆರೂವರೆ ಆ್ಯಂಪ್. ಟಿವಿ, ಮೊಬೈಲ್ ಚಾರ್ಜರಿನ 6 ಆ್ಯಂಪ್ ಸಾಕೆಟ್ಟಿಗೆ ಅದನ್ನು ಸಿಕ್ಕಿಸಬೇಡಿ. 16 ಆ್ಯಂಪ್ ಸಾಕೆಟ್, 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಕರೆಂಟು ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ ಮೂರೂ ಬೇಕು. ಸವದತ್ತಿ, ರಾಮದುರ್ಗದ ಎರೆ ನೆಲದಲ್ಲಿ ಅರ್ಥಿಂಗ್ ವಿಷಯ ಯಾರೂ ಗಮನಿಸುವುದಿಲ್ಲ. ಬೇಸಿಗೆಯಲ್ಲಿ ಎರೆ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಪೈಪಿಗೂ ಮಣ್ಣಿಗೂ ನಂಟು ತಪ್ಪುತ್ತದೆ. ಪೈಪು ಹೂತ ಗುಂಡಿಗೆ ಆಗಾಗ ಎರಡು ಕೊಡ ನೀರು ಹಾಕಿ.

ಕಾಯಿಲನ್ನು ಗುರುತಿನವರೆಗೆ ನೀರಿನಲ್ಲಿ ಮುಳುಗಿಸಿದ ಮೇಲೆ ಸ್ವಿಚ್ ಒತ್ತಿ. ಆಫ್ ಮಾಡಿ, ಪ್ಲಗ್ ಕಿತ್ತು, ಒಂದೆರಡು ನಿಮಿಷ ಬಿಟ್ಟು ಹೊರಗೆ ತೆಗೆಯಿರಿ. ಕಬ್ಬಿಣದ ಬಕೆಟ್, ತಾಮ್ರದ ಹಂಡೆಗೆ ಹಾಕಬೇಡಿ. ಕಾದಿದೆಯೇ ಎಂದು ಕರೆಂಟಿರುವಾಗ ಬೆರಳದ್ದುವ ಅಭ್ಯಾಸ ಬಿಡಿ. ಮಕ್ಕಳು ಅದನ್ನೇ ನೋಡಿ ಕಲಿಯುತ್ತಾರೆ.

ಗಡಸು ನೀರಿದ್ದರೆ ತಿಂಗಳಿಗೊಮ್ಮೆ, ತಣ್ಣಗಾದ ಕಾಯಿಲಿನ ಸುರುಳಿಯನ್ನಷ್ಟೇ ವಿನೆಗರ್ ಅಥವಾ ನಿಂಬೆಹುಳಿ ಬೆರೆಸಿದ ನೀರಿನಲ್ಲಿ ಒಂದು ತಾಸು ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಚಾಕುವಿನಿಂದ ಕೆರೆದರೆ ಲೇಪನ ಹೋಗುತ್ತದೆ, ಶೌಚಾಲಯದ ಆ್ಯಸಿಡ್ ಹಾಕಿದರೆ ಕವಚವೇ ತಿಂದುಹೋಗುತ್ತದೆ. ನೀರಿಗಿಟ್ಟು ಸ್ವಿಚ್ ಹಾಕುತ್ತಲೇ ಆರ್‌ಸಿಸಿಬಿ ಬೀಳುತ್ತಿದ್ದರೆ ರಿಪೇರಿಗೆ ಒಯ್ಯಬೇಡಿ. ವೈರ್ ಕತ್ತರಿಸಿ ಗುಜರಿಗೆ ಹಾಕಿ, ವೈರ್ ಉಳಿದರೆ ಮನೆಯಲ್ಲಿ ಯಾರಾದರೂ ಮತ್ತೆ ಪ್ಲಗ್‌ಗೆ ಸಿಕ್ಕಿಸಿಬಿಡುತ್ತಾರೆ.