ದುರ್ಬೀನು ತಿರುಗಿಸುವ ಮೊದಲು ಮದ್ದು ನೋಡು

ತಮ್ಮಾ, ನಿನ್ನೆ ರಾತ್ರಿ ಓಹಿಯೊದಿಂದ ನೀನು ಕಳಿಸಿದ ಚಿತ್ರವನ್ನು ಕನ್ನಡಕ ಒರೆಸಿಕೊಂಡು ಮೂರು ಸಲ ನೋಡಿದೆ. ನೂರು ಗಜ ದೂರಕ್ಕಿಟ್ಟ ಕಾಗದ, ಅದರಲ್ಲಿ ನಿನ್ನ ಬಂದೂಕಿನ ಒಂಬತ್ತು ತೂತು. ಮೂರು ಮೇಲೆ ಎಡಕ್ಕೆ, ಮೂರು ಕೆಳಗೆ, ಉಳಿದ ಮೂರು ಕಂಡಕಂಡಲ್ಲಿ. "ಮುತ್ಯಾ, ದುರ್ಬೀನೇ ಕೆಟ್ಟದ, ವಾಪಸ್ ಕಳಿಸ್ತೀನಿ" ಅಂದೆ. ಕಳಿಸಬೇಡ. ನಾನು ಕೆದಕಿ ಕೇಳಿದ ಮೇಲೆ ಒಂದು ಮಾತು ಹೇಳಿದೆಯಲ್ಲ, ಮೊದಲ ಮೂರು ಈಡಿಗೆ ಗುಳಿಗೆ ಮದ್ದು, ಅದು ತೀರಿದ ಮೇಲೆ ಗೆಳೆಯನ ಡಬ್ಬಿಯ ಪುಡಿ ಮದ್ದು, ಕೊನೆಗೆ ಅಂಗಡಿಯವನು ಹೊಸದೆಂದು ಕೊಟ್ಟ ಇನ್ನೊಂದು ಅಂತ? ನಿನ್ನ ದುರ್ಬೀನು ಸುಳ್ಳು ಹೇಳಿಲ್ಲ. ಮೂರು ಮದ್ದಿನ ಮೂರು ಕತೆಯನ್ನು ಒಂದೇ ಕಾಗದದ ಮೇಲೆ ತೋರಿಸಿದೆ.

ಕಾರ್ತೂಸಿನ ರೈಫಲ್ಲಿಗೆ ಮದ್ದನ್ನು ಕಾರ್ಖಾನೆ ಅಳೆದು ತುಂಬಿರುತ್ತದೆ. ಬಾಯಿಂದ ಮದ್ದು ತುಂಬುವ ನಿನ್ನ ಬಂದೂಕಿಗೆ ನೀನೇ ಕಾರ್ಖಾನೆ. ಯಾವ ಮದ್ದು, ಎಷ್ಟು, ಮದ್ದು ಜಡಿಯುವ ಕೋಲನ್ನು ಎಷ್ಟು ಒತ್ತಿ ಹಾಕಿದೆ, ಎಲ್ಲವೂ ನಿನ್ನ ಕೈಯಲ್ಲಿ. ಮದ್ದು ಬದಲಾದರೆ ಗುಂಡಿನ ವೇಗ ಬದಲಾಗುತ್ತದೆ, ವೇಗ ಬದಲಾದರೆ ಅದು ಇಳಿಯುವ ಜಾಗ ಬದಲಾಗುತ್ತದೆ. ಅಷ್ಟೇ ಆಗಿದ್ದರೆ ತೂತುಗಳು ಮೇಲೆ ಕೆಳಗೆ ಮಾತ್ರ ಸರಿಯಬೇಕಿತ್ತು. ಪಕ್ಕಕ್ಕೂ ಯಾಕೆ ಸರಿದವು ಅಂದರೆ, ಮದ್ದು ಹೊತ್ತಿದ ಕ್ಷಣಕ್ಕೆ ನಳಿಗೆ ನಡುಗುತ್ತದೆ, ಬಂದೂಕು ಹಿಂದಕ್ಕೆ ಒದೆಯಲು ಶುರು ಮಾಡುತ್ತದೆ. ಆ ನಡುಕದ ಯಾವ ಗಳಿಗೆಯಲ್ಲಿ ಗುಂಡು ಬಾಯಿ ದಾಟಿತು ಎನ್ನುವುದರ ಮೇಲೆ ಅದರ ದಿಕ್ಕು ನಿಲ್ಲುತ್ತದೆ.

ಸೇನೆಯಲ್ಲಿ ಆಯುಧ ದುರಸ್ತಿ ಮಾಡುವ ಆರ್ಮರರ್ ಆಗಿದ್ದಾಗ ಒಂದು ದಿನ ಬೆಳಗ್ಗೆಯೆಲ್ಲ ನಾನೂ ಇದೇ ತಪ್ಪು ಮಾಡಿದ್ದೆ. ಒಂದು ರೈಫಲ್ಲಿನ ಸೈಟನ್ನು ಅತ್ತ ಇತ್ತ ಸರಿಸಿ ಸರಿಸಿ ಬೆವರಿಳಿಸಿಕೊಂಡೆ. ಮಧ್ಯಾಹ್ನ ತಟ್ಟೆಯಲ್ಲಿದ್ದ ಕಾರ್ತೂಸುಗಳನ್ನು ತಿರುವಿ ನೋಡಿದರೆ ಎರಡು ಬೇರೆ ಬೇರೆ ಲಾಟಿನವು ಬೆರೆತಿದ್ದವು. ಬೆರೆಸಿದ್ದು ನಾನೇ. ಅವತ್ತಿನಿಂದ ಸೈಟಿಗೆ ಕೈ ಹಾಕುವ ಮೊದಲು ಲಾಟ್ ನಂಬರು ಓದುವುದು ನನಗೆ ಅಭ್ಯಾಸವಾಯಿತು. ನೀನೂ ಡಬ್ಬಿಯ ಮೇಲಿನ ನಂಬರು ಬರೆದಿಟ್ಟುಕೋ.

ನೀನು ಚಿಕ್ಕವನಿದ್ದಾಗ ಬೀದರಿನಲ್ಲಿ ಬಿದರಿ ಕೆಲಸ ಮಾಡುವವರ ಮನೆಗೆ ಕರೆದುಕೊಂಡು ಹೋಗಿದ್ದೆ, ನೆನಪಿರಬಹುದು. ಅವರು ಕೋಟೆಯ ಮಣ್ಣನ್ನು ನಾಲಿಗೆಗೆ ತಾಗಿಸಿ ರುಚಿ ನೋಡಿ ಆರಿಸುತ್ತಾರೆ. ಸತು, ತಾಮ್ರದ ಎರಕ ಅದೇ, ಬೆಳ್ಳಿಯ ತಂತಿ ಅದೇ, ಉಳಿ ಹಿಡಿದ ಕೈಯೂ ಅದೇ. ಆದರೆ ಮಣ್ಣು ತಪ್ಪಿದರೆ ಆ ಕಪ್ಪು ಬರುವುದಿಲ್ಲ. ಬೆಳ್ಳಿ ಹೊಳೆಯಲಿಲ್ಲ ಎಂದು ಅವರು ಬೆಳ್ಳಿಯನ್ನು ಬೈಯುವುದಿಲ್ಲ, ಮಣ್ಣು ನೋಡುತ್ತಾರೆ.

ನಿನ್ನ ಮೂರು ಮದ್ದಿನ ವಿಚಾರಕ್ಕೆ ಬರುತ್ತೇನೆ. ಅಸಲಿ ಕರಿಮದ್ದಿನಲ್ಲಿ ಕಾಳಿನ ಗಾತ್ರವೇ ಮುಖ್ಯ. ದಪ್ಪ ಕಾಳು ನಿಧಾನ ಉರಿಯುತ್ತದೆ, ಸಣ್ಣದು ಬೇಗ. ತೋಪಿಗೆ ದಪ್ಪದು, ಸಣ್ಣ ನಳಿಗೆಗೆ ಸಣ್ಣದು. ಡಬ್ಬಿಯ ಮೇಲೆ ಎಫ್ ಅಕ್ಷರ ಹೆಚ್ಚಿದಷ್ಟೂ ಕಾಳು ಸಣ್ಣ. ಪೈರೊಡೆಕ್ಸ್, ಟ್ರಿಪಲ್ ಸೆವೆನ್, ಬ್ಲ್ಯಾಕ್‌ಹಾರ್ನ್ 209 ಎಲ್ಲವೂ ಕರಿಮದ್ದಿನ ಬದಲಿಗೆ ಬಂದವು, ಸ್ವಭಾವ ಮಾತ್ರ ಬೇರೆ ಬೇರೆ. ಟ್ರಿಪಲ್ ಸೆವೆನ್ ಅದೇ ಅಳತೆಯಲ್ಲಿ ಕರಿಮದ್ದಿಗಿಂತ ಜೋರು, ಕರಿಮದ್ದಿನ ವೇಗ ಬೇಕಾದರೆ ಅಳತೆಯನ್ನು ಸುಮಾರು ಶೇಕಡಾ 15 ಇಳಿಸಬೇಕು. ಗುಳಿಗೆ ಮದ್ದು ತುಂಬಲು ಸುಲಭ, ಆದರೆ 50 ಗ್ರೇನಿನ ಗುಳಿಗೆ ಎರಡು ಹಾಕಿದರೆ 100, ಮೂರು ಹಾಕಿದರೆ 150. ನಡುವೆ ನಿಲ್ಲುವ ದಾರಿಯಿಲ್ಲ. ನಿನ್ನ ನಳಿಗೆಗೆ 85 ಹಿಡಿಸಬಹುದು, 95 ಹಿಡಿಸಬಹುದು, ಅದನ್ನು ಹುಡುಕಬೇಕಾದರೆ ಪುಡಿಯೇ ಬೇಕು. 150 ಹಾಕಿದರೆ ಗುರಿ ಗಟ್ಟಿಯಾಗುತ್ತದೆ ಎಂದು ತಿಳಿಯಬೇಡ. ಹೆಚ್ಚಾಗಿ ಚೆದುರುತ್ತದೆ, ಭುಜ ನೋಯುತ್ತದೆ. ಬಂದೂಕಿನ ಪುಸ್ತಕದಲ್ಲಿ ಬರೆದ ಮಿತಿಯನ್ನಂತೂ ದಾಟಲೇಬೇಡ.

ಅಳತೆಯ ಮಾತು ಬಂತು, ಇಲ್ಲಿ ಎಚ್ಚರ. ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ ತೂಕ. ಆದರೆ ಈ ಬದಲಿ ಮದ್ದುಗಳಲ್ಲಿ 100 ಗ್ರೇನ್ ಅಂದರೆ ತೂಕವಲ್ಲ, 100 ಗ್ರೇನ್ ಕರಿಮದ್ದು ಹಿಡಿಸುವಷ್ಟು ಜಾಗ. ಬ್ಲ್ಯಾಕ್‌ಹಾರ್ನ್‌ನಲ್ಲಿ ಆ ಜಾಗದ ತೂಕ 70 ಗ್ರೇನ್ ಆಸುಪಾಸು. ತಕ್ಕಡಿಯಲ್ಲಿ 100 ತೂಗಿ ಹಾಕಿದವನು ಗೊತ್ತಿಲ್ಲದೆ ಎಷ್ಟೋ ಹೆಚ್ಚು ತುಂಬಿರುತ್ತಾನೆ. ಇನ್ನು ಕಾರ್ತೂಸಿಗೆ ಹಾಕುವ ಹೊಗೆಯಿಲ್ಲದ ಮದ್ದನ್ನು, ಚಿಟಿಕೆಯಾದರೂ, ಈ ನಳಿಗೆಗೆ ಹಾಕಕೂಡದು. ನಳಿಗೆ ಒಡೆಯುತ್ತದೆ, ಒಡೆದಾಗ ನಿನ್ನ ಮುಖ ಅದರ ಪಕ್ಕದಲ್ಲೇ ಇರುತ್ತದೆ.

ಮಸಿಯನ್ನು ಹಗುರಾಗಿ ಎಣಿಸಬೇಡ. ಪ್ರತಿ ಈಡೂ ಒಳಗೆ ಮಸಿ ಬಿಡುತ್ತದೆ, ಎರಡನೆಯ ಗುಂಡು ಮೊದಲಿನದು ಹೋದ ದಾರಿಯಲ್ಲಿ ಹೋಗುವುದಿಲ್ಲ. ನಮ್ಮ ಬೀದರಿನ ಬೇಸಿಗೆಯಂಥ ಒಣ ಹವೆಯಲ್ಲಿ ಕರಿಮದ್ದಿನ ಮಸಿ ಹಂಚಿನ ಚೂರಿನ ಹಾಗೆ ಗಟ್ಟಿಯಾಗುತ್ತದೆ, ತೇವದ ಹವೆಯಲ್ಲಿ ಮೆತ್ತಗಿರುತ್ತದೆ. ಟ್ರಿಪಲ್ ಸೆವೆನ್ ಮದ್ದಿನ ಜಾಗದ ಮುಂದೆ ಬಳೆಯಂಥ ಕರಟು ಕಟ್ಟುತ್ತದೆ, ಅದಕ್ಕೆ ತಾಗಿ ಗುಂಡು ಕೆಳಗಿಳಿಯದೆ ನಿಲ್ಲಬಹುದು. ಗುಂಡಿಗೂ ಮದ್ದಿಗೂ ನಡುವೆ ಟೊಳ್ಳು ಉಳಿದರೆ ಅಪಾಯ. ಜಡಿಯುವ ಕೋಲಿನ ಮೇಲೆ ಒಂದು ಗೆರೆ ಹಾಕಿಕೋ. ಪ್ರತಿ ಸಲ ಗೆರೆ ನಳಿಗೆಯ ಬಾಯಿಗೆ ಸಮ ಬಂದರೆ ಮಾತ್ರ ಮುಂದಿನ ಕೆಲಸ. ಈಡು ಈಡಿನ ನಡುವೆ ಒಂದು ಒದ್ದೆ ಬಟ್ಟೆ, ಎರಡು ಒಣ ಬಟ್ಟೆ, ಹಾಗೆಯೇ ನಳಿಗೆ ಆರುವಷ್ಟು ಹೊತ್ತು. ಬ್ಲ್ಯಾಕ್‌ಹಾರ್ನ್‌ಗೆ ನೀರು ಸಾಲದು, ಅದಕ್ಕೆ ಬೇರೆ ದ್ರವ ಇದೆ. ಅಸಲಿ ಕರಿಮದ್ದು ಸುಟ್ಟ ದಿನ ನಳಿಗೆ ತೊಳೆಯದೆ ಮಲಗಬೇಡ, ತುಕ್ಕು ಬೆಳಗಿನವರೆಗೆ ಕಾಯುವುದಿಲ್ಲ.

ಗೋಲ್ಕೊಂಡಕ್ಕೆ ಹೋದಾಗ ಅಲ್ಲಿನ ದೊಡ್ಡ ತೋಪುಗಳ ಮೇಲೆ ನೀನು ಹತ್ತಿ ಕುಳಿತಿದ್ದೆ. ಔರಂಗಜೇಬನ ಕಾಲದಲ್ಲಿ ಮಹಮ್ಮದ್ ಅಲಿ ಅರಬ್ ಎರಕ ಹೊಯ್ದ ತೋಪುಗಳವು. ಅವುಗಳ ಮೈಮೇಲೆ ಪಾರಸಿಯಲ್ಲಿ ಬಾದಶಹನ ಹೆಸರಿನ ಜೊತೆಗೆ ಗುಂಡಿನ ತೂಕ ಇಷ್ಟು, ಮದ್ದಿನ ತೂಕ ಇಷ್ಟು ಎಂದೂ ಕೆತ್ತಿಸಿದ್ದಾರೆ. ಗೋಲಂದಾಜ ಬದಲಾಗಬಹುದು, ಅಳತೆ ಬದಲಾಗಬಾರದು ಎಂಬುದು ಆ ಎರಕದವನಿಗೆ ಗೊತ್ತಿತ್ತು. ಬಾದಶಹನ ಹೆಸರಿಗಿಂತ ಆ ಎರಡು ತೂಕಗಳೇ ನನಗೆ ದೊಡ್ಡವಾಗಿ ಕಂಡವು. ನೀನು ನಳಿಗೆಯ ಮೇಲೆ ಕೆತ್ತುವುದು ಬೇಡ, ಒಂದು ವಹಿ ಇಡು. ಮದ್ದಿನ ಹೆಸರು, ಲಾಟು, ಅಳತೆ, ಗುಂಡು, ಕೇಪು, ಅಂದಿನ ಚಳಿ ಎಷ್ಟು, ಎಲ್ಲ ಬರೆ.

ಮದ್ದಿಟ್ಟ ಮೇಜಿನ ಬಳಿ ಎಷ್ಟು ಎಚ್ಚರ ಬೇಕೆಂದು ನಮ್ಮ ಬೀದರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1657ರ ಮುತ್ತಿಗೆಯಲ್ಲಿ ಔರಂಗಜೇಬನ ಕಡೆಯವರ ಒಂದು ಅಗ್ನಿಬಾಣ ಬುರುಜಿನ ಹಿಂದೆ ಮದ್ದು ತುಂಬಿಟ್ಟ ಗುಂಡಿಗೆ ಬಿದ್ದು ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟುಹೋದ, ಬೀದರ ಕೋಟೆ ಕೈಬಿಟ್ಟಿತು. ಮಹಮೂದ್ ಗವಾನನ ಮದರಸಾ ನೋಡು. 1472ರಲ್ಲಿ ಕಟ್ಟಿದ್ದು, ಒಳಗಿಟ್ಟ ಮದ್ದು ಸಿಡಿದು ಎರಡು ಮಿನಾರಿನಲ್ಲಿ ಈಗ ಒಂದೇ ಉಳಿದಿದೆ. ನಿನ್ನ ಡಬ್ಬಿ ಮೇಜಿನ ಮೇಲೆ ಬಾಯಿ ತೆರೆದು ಕೂಡಬಾರದು. ಡಬ್ಬಿಯಿಂದ ನೇರ ನಳಿಗೆಗೆ ಸುರಿಯಬೇಡ, ಒಳಗೆ ಕಿಡಿ ಉಳಿದಿದ್ದರೆ ಬೆಂಕಿ ಡಬ್ಬಿಗೇ ಏರುತ್ತದೆ. ಮೊದಲು ಅಳತೆಯ ಕೊಳವೆಗೆ, ಆಮೇಲೆ ನಳಿಗೆಗೆ.

ಓಹಿಯೊದ ಕಾನೂನು ಜಿಂಕೆ ಬೇಟೆಗೆ ಒಪ್ಪುತ್ತದೆ ಅಂದೆ. ಇಲ್ಲಿ ನಮ್ಮ ಜಿಲ್ಲೆಯ ಹೊಲಗಳಲ್ಲಿ ಕೃಷ್ಣಮೃಗ ಜಿಗಿಯುವುದನ್ನು ನೋಡುತ್ತ ಬೆಳೆದವನು ನಾನು, ನನ್ನ ಮನಸ್ಸು ಒಪ್ಪುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ನೀನು ಹೋಗುವೆಯಾದರೆ, ಒಂದೇ ಈಡಿಗೆ ಮುಗಿಸುವ ನಂಬಿಕೆ ಬರುವ ತನಕ ಕಾಗದಕ್ಕೆ ಮಾತ್ರ ಹೊಡಿ. ಗಾಯಗೊಂಡು ಪೊದೆಗೆ ಹೋದ ಪ್ರಾಣಿಯ ನೋವು ನಿನ್ನ ವಹಿಯಲ್ಲಿ ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ಕೂಡಿಸಿದ ಗುರಿಯನ್ನು ಜನವರಿಯ ಹಿಮದಲ್ಲಿ ಮತ್ತೆ ನೋಡಿಕೊಳ್ಳದೆ ನಂಬಲೂ ಬೇಡ.

ಈ ಶನಿವಾರ ಹೀಗೆ ಮಾಡು. ಒಂದೇ ಡಬ್ಬಿ ಒಯ್ಯಿ. ಮೊದಲು 25 ಗಜಕ್ಕೆ ಗುರಿ ಕೂಡಿಸು. ದುರ್ಬೀನಿನ ಒಂದು ಟಿಕ್ ನೂರು ಗಜಕ್ಕೆ ಕಾಲು ಇಂಚು ಸರಿಸಿದರೆ, 25ಕ್ಕೆ ಅದರ ನಾಲ್ಕರಲ್ಲಿ ಒಂದು ಪಾಲು ಮಾತ್ರ, ಲೆಕ್ಕ ತಪ್ಪಬೇಡ. ಆಮೇಲೆ ನೂರಕ್ಕೆ ಹೋಗಿ 80ರ ಅಳತೆಯಲ್ಲಿ ಮೂರು ಈಡು, 85ರಲ್ಲಿ ಮೂರು, 90ರಲ್ಲಿ ಮೂರು, ಪ್ರತಿಯೊಂದಕ್ಕೂ ಬೇರೆ ಕಾಗದ. ಈ ಒಂಬತ್ತು ಈಡು ಮುಗಿಯುವವರೆಗೆ ದುರ್ಬೀನಿನ ತಿರುಪು ಮುಟ್ಟಬೇಡ. ಮೂರು ತೂತು ಎಲ್ಲಿ ಒತ್ತಾಗಿ ಬೀಳುತ್ತವೋ ಅದೇ ನಿನ್ನ ಅಳತೆ. ನಡುವಿನಿಂದ ಎಷ್ಟೇ ದೂರ ಬಿದ್ದಿರಲಿ, ಚಿಂತೆ ಬೇಡ, ಗುಂಪನ್ನು ನಡುವಿಗೆ ತರುವುದು ದುರ್ಬೀನಿನ ಕೆಲಸ. ಕಾಗದಗಳ ಚಿತ್ರ ಕಳಿಸು. ಇಲ್ಲಿ ನಮ್ಮ ಅಷ್ಟೂರಿನಲ್ಲಿ ಆಗ ನಡುರಾತ್ರಿ ಇರುತ್ತದೆ, ನಾನು ಎದ್ದೇ ಇರುತ್ತೇನೆ.